ಪ್ಯಾಕೆಟ್ ತಿರುಗಿಸಿ ಓದಿ: ಆಹಾರದ ಲೇಬಲ್ ಅರ್ಥ ಮಾಡಿಕೊಳ್ಳುವ ಬಗೆ

ಅಂಗಡಿಯಲ್ಲಿ ರಾಗಿ ಬಿಸ್ಕತ್ತಿನ ಪ್ಯಾಕೆಟ್ ಒಂದನ್ನು ಕೈಗೆತ್ತಿಕೊಳ್ಳಿ. ಎದುರಿಗೆ ರಾಗಿ ತೆನೆಯ ಚಿತ್ರ, ಹಸಿರು ಎಲೆ, ಆರೋಗ್ಯದ ಬಗ್ಗೆ ಒಂದು ಚೆಂದದ ಸಾಲು. ಅದನ್ನು ಹಾಕಿದವರು ಕಂಪನಿಯ ಮಾರಾಟ ವಿಭಾಗದವರು. ಈಗ ತಿರುಗಿಸಿ. ಹಿಂದೆ ಇರುವೆ ಹರಿದಂಥ ಅಕ್ಷರಗಳಲ್ಲಿ ಒಂದು ಪಟ್ಟಿ, ಪಕ್ಕದಲ್ಲೊಂದು ಕೋಷ್ಟಕ. ಅದನ್ನು ಹಾಕಿಸಿದ್ದು ಕಾನೂನು. ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದದ್ದು ಹಿಂದೆಯೇ ಇದೆ, ರೂಢಿಯಾದ ಮೇಲೆ ಓದಲು ಅರ್ಧ ನಿಮಿಷ ಸಾಕು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ 17 ಸೂತ್ರಗಳಿವೆ, ಕೊನೆಯದ್ದು ಲೇಬಲ್ ಓದಿ ಎಂಬುದೇ.

ತೊಡಕು ಭಾಷೆಯದ್ದು. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ಸಾಕು, ಬೇರೆ ಭಾಷೆ ಕಂಪನಿಯ ಇಷ್ಟ. ಕೋಲಾರದ ಅಜ್ಜಿ ಕೊಳ್ಳುವ ಪ್ಯಾಕೆಟ್‌ಗೂ ಇದೇ ನಿಯಮ ಎಂಬುದು ಬೇಸರದ ಸಂಗತಿ. ಆದರೆ ಗುರುತು ಹಿಡಿಯಬೇಕಾದ ಪದಗಳು ಹತ್ತನ್ನೂ ಮೀರುವುದಿಲ್ಲ. ‘ಇಂಗ್ರೀಡಿಯೆಂಟ್ಸ್’ ಎಂದರೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ. ‘ನ್ಯೂಟ್ರಿಷನಲ್ ಇನ್‌ಫರ್ಮೇಷನ್’ ಎಂದರೆ ಪೋಷಕಾಂಶಗಳ ಕೋಷ್ಟಕ. ಕೋಷ್ಟಕದೊಳಗೆ ‘ಎನರ್ಜಿ’ ಕ್ಯಾಲೊರಿ ಲೆಕ್ಕ, ‘ಟೋಟಲ್ ಶುಗರ್ಸ್’ ಒಟ್ಟು ಸಕ್ಕರೆ, ‘ಆ್ಯಡೆಡ್ ಶುಗರ್ಸ್’ ಹೊರಗಿನಿಂದ ಬೆರೆಸಿದ ಸಕ್ಕರೆ, ‘ಸ್ಯಾಚುರೇಟೆಡ್ ಫ್ಯಾಟ್’ ಮತ್ತು ‘ಟ್ರಾನ್ಸ್ ಫ್ಯಾಟ್’ ಮಿತಿಯಲ್ಲಿಡಬೇಕಾದ ಕೊಬ್ಬುಗಳು, ‘ಸೋಡಿಯಂ’ ಎಂದರೆ ಹೆಚ್ಚುಕಡಿಮೆ ಉಪ್ಪು, ‘ಡಯೆಟರಿ ಫೈಬರ್’ ನಾರು. ಅಕ್ಷರ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಹೊಳೆಯುವ ಪ್ಯಾಕೆಟ್ ಆದರೆ ಸ್ವಲ್ಪ ವಾರೆ ಮಾಡಿ ಹಿಡಿಯಿರಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಮಾತ್ರ ಕಾಣುತ್ತದೆ.

ಮೊದಲು: ಆಹಾರದ ನಿಜವಾದ ಹೆಸರು

ದೊಡ್ಡಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೋ ಪಕ್ಕದಲ್ಲೋ ಆ ಆಹಾರದ ಕಾನೂನುಬದ್ಧ ಹೆಸರು ಸಣ್ಣದಾಗಿ ಇರುತ್ತದೆ. ಐಸ್‌ಕ್ರೀಮ್ ಎಂದುಕೊಂಡು ಕೊಂಡದ್ದರ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದರ ಕೊಬ್ಬು ಪೂರ್ತಿ ಹಾಲಿನದ್ದಲ್ಲ, ಸಸ್ಯದೆಣ್ಣೆ ಸೇರಿದೆ. ಮಾವಿನ ಜ್ಯೂಸ್ ಎಂದು ಮಕ್ಕಳು ಕೇಳುವ ಬಾಟಲಿಯ ಮೇಲೆ ಸಾಮಾನ್ಯವಾಗಿ ಇರುವುದು ‘ಫ್ರೂಟ್ ಡ್ರಿಂಕ್’. ಹಾಗೆ ಕರೆಸಿಕೊಳ್ಳಲು ಹಣ್ಣಿನ ಅಂಶ ಶೇ 10 ಇದ್ದರೂ ಸಾಕು, ಉಳಿದದ್ದು ಬಹುಪಾಲು ನೀರು, ಸಕ್ಕರೆ. ನೀರು ಬೆರೆಸಿ ಮರಳಿ ತಯಾರಿಸಿದ ರಸದ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುವುದನ್ನು ಪ್ರಾಧಿಕಾರ 2024ರ ಜೂನ್‌ನಲ್ಲಿ ನಿಲ್ಲಿಸಲು ಹೇಳಿತು. ಇನ್ನು ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿಲ್ಲ.

ಪದಾರ್ಥಗಳ ಪಟ್ಟಿ: ಮೊದಲ ಮೂರು ಹೆಸರು

ನಿಯಮ ಸರಳ: ತಯಾರಿಸುವಾಗ ಯಾವುದನ್ನು ಹೆಚ್ಚು ತೂಕದಲ್ಲಿ ಹಾಕಿದ್ದಾರೋ ಅದು ಮೊದಲು, ಕಡಿಮೆಯದ್ದು ಕೊನೆಗೆ. ಹಾಗಾಗಿ ಮೊದಲ ಮೂರು ಹೆಸರೇ ಆ ತಿಂಡಿಯ ಬಹುಪಾಲು. ಇನ್ನೊಂದು ಉಪಕಾರಿ ನಿಯಮವೂ ಇದೆ. ಯಾವ ಪದಾರ್ಥವನ್ನು ಮುಂದೆ ನಿಲ್ಲಿಸಿ ಕಂಪನಿ ಹೆಮ್ಮೆ ಪಡುತ್ತದೋ ಅದು ಶೇಕಡ ಎಷ್ಟಿದೆ ಎಂದು ಬರೆಯಬೇಕು.

ನಮ್ಮ ರಾಗಿ ಬಿಸ್ಕತ್ತಿಗೆ ಇದನ್ನು ಹಚ್ಚಿ ನೋಡೋಣ. ಇದು ಲೆಕ್ಕ ತೋರಿಸಲು ಕಟ್ಟಿಕೊಂಡ ಉದಾಹರಣೆ, ಯಾವುದೇ ಒಂದು ಬ್ರ್ಯಾಂಡ್‌ನದ್ದಲ್ಲ. ಪಟ್ಟಿ ಹೀಗಿದೆ ಎನ್ನಿ: ರಿಫೈನ್ಡ್ ವೀಟ್ ಫ್ಲೋರ್ ಅರ್ಥಾತ್ ಮೈದಾ ಶೇ 48, ಸಕ್ಕರೆ, ಪಾಮ್ ಎಣ್ಣೆ, ರಾಗಿ ಹಿಟ್ಟು ಶೇ 9, ಇನ್ವರ್ಟ್ ಶುಗರ್ ಸಿರಪ್, ಹಾಲಿನ ಪುಡಿ, ಉಬ್ಬಿಸುವ ಸೋಡಾಗಳು, ಉಪ್ಪು. ಹೆಸರಿಗೆ ರಾಗಿ ಬಿಸ್ಕತ್ತು, ಆದರೆ ರಾಗಿ ನಾಲ್ಕನೇ ಜಾಗದಲ್ಲಿ ಕೂತಿದೆ. ಮೂರು ಬಿಸ್ಕತ್ತು ಸೇರಿ 25 ಗ್ರಾಂ ತೂಗಿದರೆ ಅದರಲ್ಲಿ ರಾಗಿ ಎರಡು ಗ್ರಾಂ ಚಿಲ್ಲರೆ. ಒಂದು ಟೀ ಚಮಚದಷ್ಟೂ ಹಿಟ್ಟಲ್ಲ. 150 ಗ್ರಾಂನ ಇಡೀ ಪ್ಯಾಕೆಟ್ ಖಾಲಿ ಮಾಡಿದರೂ ಹೊಟ್ಟೆ ಸೇರುವುದು ಹದಿಮೂರೂವರೆ ಗ್ರಾಂ ರಾಗಿ, ಅದು ನಿಂಬೆಗಾತ್ರದ ಒಂದು ಮುದ್ದೆಗೆ ಸಾಕಾದೀತು, ಅಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇದಕ್ಕಿಂತ ಅಕ್ಷರಶಃ ಅನ್ವಯಿಸುವ ಜಾಗ ಸಿಗುವುದು ಕಷ್ಟ.

ಈ ಪಟ್ಟಿಯಲ್ಲಿ ಜನ ಎಡವುವ ಕೆಲವು ಜಾಗಗಳಿವೆ.

ಸಕ್ಕರೆ ಚದುರಿ ಕೂರುತ್ತದೆ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಜೇನುತುಪ್ಪ, ಬೆಲ್ಲ, ಡೆಕ್ಸ್‌ಟ್ರೋಸ್, ಹಣ್ಣಿನ ರಸದ ಕಾನ್ಸಂಟ್ರೇಟ್ ಎಲ್ಲವೂ ದೇಹಕ್ಕೆ ಸಕ್ಕರೆಯೇ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಹಾಕಿದರೆ ಯಾವುದೂ ಮೊದಲ ಸ್ಥಾನಕ್ಕೆ ಬರುವುದಿಲ್ಲ, ಒಟ್ಟು ಮಾತ್ರ ಕಡಿಮೆಯಾಗಿರುವುದಿಲ್ಲ. ಪಟ್ಟಿಯಲ್ಲಿ ಇಂಥ ಎರಡು ಮೂರು ಹೆಸರು ಕಂಡರೆ ಕೋಷ್ಟಕದ ‘ಆ್ಯಡೆಡ್ ಶುಗರ್ಸ್’ ಸಾಲನ್ನೇ ನಂಬಿ. ಬೆಲ್ಲ ಹಾಕಿದ್ದೇವೆ ಎಂದು ದೊಡ್ಡದಾಗಿ ಬರೆದಿದ್ದರೂ ಅಷ್ಟೇ. ಬೆಲ್ಲದ ಮೇಲೆ ನಮಗಿರುವ ಪ್ರೀತಿ ಮೇದೋಜೀರಕ ಗ್ರಂಥಿಗೆ ಗೊತ್ತಿಲ್ಲ.

ಹಿಟ್ಟಿನ ಹೆಸರಲ್ಲೂ ಮೋಸ ಹೋಗುತ್ತೇವೆ. ‘ಹೋಲ್ ವೀಟ್ ಫ್ಲೋರ್’ ಅಥವಾ ‘ಆಟಾ’ ಎಂದರೆ ಇಡೀ ಗೋಧಿಯ ಹಿಟ್ಟು. ‘ರಿಫೈನ್ಡ್’ ಎಂಬ ಮಾತಿದ್ದರೆ ಮೈದಾ. ಬ್ರೌನ್ ಬ್ರೆಡ್ ಕಂದು ಇದೆ ಎಂಬ ಮಾತ್ರಕ್ಕೆ ಗೋಧಿಯದ್ದಲ್ಲ. ಪಟ್ಟಿಯಲ್ಲಿ 150 ಎಂಬ ಅಂಕಿ (ಬಣ್ಣ, ಕೆಡದಂತೆ ಹಾಕುವ ಪದಾರ್ಥ ಇಂಥವಕ್ಕೆ ಹೆಸರಿನ ಬದಲು ಬರೆಯುವ ಸಂಕೇತ) ಕಂಡರೆ ಅದು ಕ್ಯಾರಮೆಲ್ ಬಣ್ಣ. ‘ಮಲ್ಟಿಗ್ರೇನ್’ ಎಂದರೆ ಹಲವು ಧಾನ್ಯ ಇವೆ ಎಂದಷ್ಟೇ ಅರ್ಥ, ಎಷ್ಟಿವೆ ಎಂಬುದು ಶೇಕಡಾದಲ್ಲಿ ಮಾತ್ರ ಗೊತ್ತಾಗುತ್ತದೆ. ‘ಎಡಿಬಲ್ ವೆಜಿಟಬಲ್ ಆಯಿಲ್’ ಕಂಡರೆ ಮುಂದಿನ ಪದವನ್ನೂ ಓದಿ, ಬಿಸ್ಕತ್ತು ಚಿಪ್ಸ್‌ಗಳಲ್ಲಿ ಅದು ಹೆಚ್ಚಾಗಿ ಪಾಮ್ ಅಥವಾ ಪಾಮೋಲಿನ್. ‘ಹೈಡ್ರೋಜನೇಟೆಡ್’ ಎಂದಿದ್ದರೆ ವನಸ್ಪತಿ.

ಕೋಷ್ಟಕ: ನೂರು ಗ್ರಾಂನ ಕಾಲಂ

ಕೋಷ್ಟಕದಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ. ಒಂದು ನೂರು ಗ್ರಾಂ ಅಥವಾ ನೂರು ಮಿಲಿ ಲೀಟರ್‌ಗೆ. ಇನ್ನೊಂದು ಒಂದು ‘ಸರ್ವ್’, ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ ಎಂದು ಕಂಪನಿ ಅಂದುಕೊಂಡಿರುವಷ್ಟಕ್ಕೆ, ಅದು ದಿನದ ಅಗತ್ಯದಲ್ಲಿ ಶೇಕಡ ಎಷ್ಟು ಎಂಬುದು. ಎರಡು ಬ್ರ್ಯಾಂಡ್ ಹೋಲಿಸುವಾಗ ನೂರು ಗ್ರಾಂನ ಕಾಲಂ ಮಾತ್ರ ನೋಡಿ. ಒಂದರಲ್ಲಿ ಸರ್ವ್ 15 ಗ್ರಾಂ, ಇನ್ನೊಂದರಲ್ಲಿ 30 ಗ್ರಾಂ ಇದ್ದರೆ ಸರ್ವ್ ಲೆಕ್ಕದಲ್ಲಿ ಮೊದಲನೆಯದು ಸುಮ್ಮನೆ ಒಳ್ಳೆಯದಾಗಿ ಕಾಣುತ್ತದೆ.

ಶೇಕಡಾ ಯಾವುದರ ಶೇಕಡಾ? ದಿನಕ್ಕೆ 2000 ಕ್ಯಾಲೊರಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಬೆರೆಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಂಬ ಅಳತೆಗೋಲಿನ ಮೇಲೆ. ಇದು ದೊಡ್ಡವರ ಲೆಕ್ಕ. ಐದಾರು ವರ್ಷದ ಮಗುವಿಗೆ ಅಷ್ಟು ಬೇಕಿಲ್ಲ, ಹಾಗಾಗಿ ಅದೇ ಬಿಸ್ಕತ್ತು ಮಗುವಿನ ದಿನದಲ್ಲಿ ದೊಡ್ಡ ಪಾಲನ್ನೇ ತಿನ್ನುತ್ತದೆ. ಇನ್ನೊಂದು ಸೂಕ್ಷ್ಮ: 50 ಗ್ರಾಂ ಸಕ್ಕರೆ ಎಂಬುದು ದಾಟಬಾರದ ಗಡಿ, ಮುಟ್ಟಬೇಕಾದ ಗುರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಇನ್ನೂ ಇಳಿಸಿ ಸುಮಾರು 25 ಗ್ರಾಂಗೆ ತಂದರೆ ಉತ್ತಮ ಎನ್ನುತ್ತದೆ. ಹಾಗೆ ನೋಡಿದರೆ ಲೇಬಲ್ಲಿನ ಸಕ್ಕರೆಯ ಶೇಕಡಾವನ್ನು ಇಮ್ಮಡಿ ಮಾಡಿಕೊಂಡೇ ಓದಬೇಕು.

ಬಿಸ್ಕತ್ತಿಗೆ ಮರಳೋಣ. ನೂರು ಗ್ರಾಂಗೆ 479 ಕ್ಯಾಲೊರಿ, ಪ್ರೋಟೀನ್ 7 ಗ್ರಾಂ, ಕಾರ್ಬೋಹೈಡ್ರೇಟ್ 70, ಅದರೊಳಗೆ ಬೆರೆಸಿದ ಸಕ್ಕರೆ 23, ಕೊಬ್ಬು 19, ಅದರೊಳಗೆ ಸ್ಯಾಚುರೇಟೆಡ್ 9, ಸೋಡಿಯಂ 320 ಮಿಲಿಗ್ರಾಂ ಎಂದಿದೆ ಎನ್ನಿ. ‘ಅದರೊಳಗೆ’ ಎಂಬುದನ್ನು ಗಮನಿಸಿ, ಸಕ್ಕರೆ ಕಾರ್ಬೋಹೈಡ್ರೇಟ್‌ನ ಭಾಗ, ಮತ್ತೆ ಕೂಡಿಸಬಾರದು. ಕಂಪನಿಯ ಸರ್ವ್ ಮೂರು ಬಿಸ್ಕತ್ತು. ಸಂಜೆ ಕಾಫಿಗೆ ಅದ್ದಿಕೊಂಡು ಮಾತಾಡುತ್ತ ಕೂತರೆ ಆರು ಹೋಗುತ್ತವೆ, ಅಂದರೆ 50 ಗ್ರಾಂ. ಎಲ್ಲ ಅಂಕಿಯನ್ನೂ ಅರ್ಧ ಮಾಡಿ: 240 ಕ್ಯಾಲೊರಿ, ಹನ್ನೊಂದೂವರೆ ಗ್ರಾಂ ಸಕ್ಕರೆ, ನಾಲ್ಕೂವರೆ ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಸಕ್ಕರೆಯನ್ನು ನಾಲ್ಕರಿಂದ ಭಾಗಿಸಿದರೆ ಟೀ ಚಮಚದ ಲೆಕ್ಕ ಸಿಗುತ್ತದೆ, ಇಲ್ಲಿ ಸುಮಾರು ಮೂರು ಚಮಚ. ಕಾಫಿಗೆ ಹಾಕಿದ ಸಕ್ಕರೆ ಬೇರೆ. ದಿನದ ಸ್ಯಾಚುರೇಟೆಡ್ ಕೊಬ್ಬಿನ ಐದನೇ ಒಂದು ಭಾಗ ಊಟಕ್ಕೆ ಕೂರುವ ಮೊದಲೇ ಮುಗಿಯಿತು.

ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಒಂದೇ ನೋಟದಲ್ಲಿ ತಿಳಿಯಲು ಬ್ರಿಟನ್‌ನ ಸಿಗ್ನಲ್ ದೀಪದ ಪದ್ಧತಿಯ ಅಂಕಿಗಳು ಅನುಕೂಲ. ಅಲ್ಲಿ ಪ್ಯಾಕೆಟ್ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ ಹಾಕುತ್ತಾರೆ. ಆ ಗಡಿಗಳನ್ನು ನಾವು ಬರೆದಿಟ್ಟುಕೊಂಡರೆ ಆಯಿತು. ನೂರು ಗ್ರಾಂ ತಿಂಡಿಗೆ:

- ಒಟ್ಟು ಸಕ್ಕರೆ 5 ಗ್ರಾಂವರೆಗೆ ಕಡಿಮೆ, 22.5 ದಾಟಿದರೆ ಹೆಚ್ಚು
- ಒಟ್ಟು ಕೊಬ್ಬು 3 ಗ್ರಾಂವರೆಗೆ ಕಡಿಮೆ, 17.5 ದಾಟಿದರೆ ಹೆಚ್ಚು
- ಸ್ಯಾಚುರೇಟೆಡ್ ಕೊಬ್ಬು 1.5 ಗ್ರಾಂವರೆಗೆ ಕಡಿಮೆ, 5 ದಾಟಿದರೆ ಹೆಚ್ಚು
- ಸೋಡಿಯಂ ಸುಮಾರು 120 ಮಿಲಿಗ್ರಾಂವರೆಗೆ ಕಡಿಮೆ, 600 ದಾಟಿದರೆ ಹೆಚ್ಚು

ಪಾನೀಯಕ್ಕೆ ಈ ಸಕ್ಕರೆ, ಕೊಬ್ಬಿನ ಗಡಿಗಳನ್ನು ಅರ್ಧ ಮಾಡಿಕೊಳ್ಳಿ. ನಮ್ಮ ಉದಾಹರಣೆಯ ರಾಗಿ ಬಿಸ್ಕತ್ತು ಸಕ್ಕರೆ, ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು ಮೂರರಲ್ಲೂ ಕೆಂಪು.

ಪುಡಿಗಳ ವಿಷಯದಲ್ಲಿ ಒಂದು ಎಚ್ಚರ. ಮಕ್ಕಳ ಮಾಲ್ಟ್ ಪುಡಿಯ ಡಬ್ಬದ ಮೇಲೆ ‘ಹಾಲಿನ ಜೊತೆ’ ಎಂಬ ಇನ್ನೊಂದು ಕಾಲಂ ಇರಬಹುದು. ಅಲ್ಲಿ ಕಾಣುವ ಪ್ರೋಟೀನ್, ಕ್ಯಾಲ್ಸಿಯಂನಲ್ಲಿ ಹೆಚ್ಚಿನ ಪಾಲು ನಿಮ್ಮ ಮನೆಯ ಹಾಲಿನದ್ದು. ಪುಡಿಯ ಯೋಗ್ಯತೆ ತಿಳಿಯಬೇಕಾದರೆ ಬರೀ ಪುಡಿಯ ಕಾಲಂ ನೋಡಿ.

ಉಪ್ಪು ಕಣ್ಣಿಗೆ ಕಾಣದು

ಲೇಬಲ್ಲಿನಲ್ಲಿ ಉಪ್ಪಿನ ಬದಲು ಸೋಡಿಯಂ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು, ಒಂದು ಟೀ ಚಮಚದಷ್ಟು. ನೂರು ಗ್ರಾಂಗೆ 1200 ಮಿಲಿಗ್ರಾಂ ಸೋಡಿಯಂ ಇರುವ 70 ಗ್ರಾಂನ ನೂಡಲ್ಸ್ ಪ್ಯಾಕೆಟ್ ಒಂದರಲ್ಲಿ 840 ಮಿಲಿಗ್ರಾಂ, ಅಂದರೆ ಎರಡು ಗ್ರಾಂಗೂ ಮೀರಿದ ಉಪ್ಪು, ದಿನದ ಮಿತಿಯ ಶೇ 42. ಮಸಾಲೆ ಪುಡಿಯ ಚೀಟಿಯನ್ನು ಅರ್ಧ ಮಾತ್ರ ಹಾಕಿದರೆ ಇದನ್ನು ಚೆನ್ನಾಗಿ ಇಳಿಸಬಹುದು, ಏಕೆಂದರೆ ಉಪ್ಪಿನ ಬಹುಪಾಲು ಇರುವುದು ಅದರಲ್ಲೇ.

ಉಪ್ಪಿನಕಾಯಿ, ಚಟ್ನಿಪುಡಿಯಂಥವಕ್ಕೆ ಮಾತ್ರ ನೂರು ಗ್ರಾಂನ ಲೆಕ್ಕ ದಾರಿ ತಪ್ಪಿಸುತ್ತದೆ. ಯಾರೂ ನೂರು ಗ್ರಾಂ ಉಪ್ಪಿನಕಾಯಿ ತಿನ್ನುವುದಿಲ್ಲ. ನೂರಕ್ಕೆ 5000 ಮಿಲಿಗ್ರಾಂ ಎಂದಿದ್ದರೆ ತಟ್ಟೆಗೆ ಬಡಿಸಿಕೊಳ್ಳುವ 10 ಗ್ರಾಂನಲ್ಲಿ 500, ದಿನದ ಕಾಲು ಭಾಗ. ಹಾಗಾಗಿ ಇಂಥವಕ್ಕೆ ನೀವು ತಿನ್ನುವ ಪ್ರಮಾಣದ ಲೆಕ್ಕವೇ ಸರಿ. ಜೊತೆಗೆ, ರುಚಿಗೆ ಉಪ್ಪುಪ್ಪಾಗಿ ಇಲ್ಲದ ಬ್ರೆಡ್, ರಸ್ಕ್‌ನಲ್ಲೂ ಸೋಡಿಯಂ ಸಾಕಷ್ಟಿರುತ್ತದೆ. ಅಡುಗೆ ಸೋಡಾ, 621 ಎಂಬ ಅಂಕಿಯ ಅಜಿನೊಮೊಟೊ ಇವೂ ಸೋಡಿಯಂ ತರುತ್ತವೆ. ಕೋಷ್ಟಕದ ಅಂಕಿಯಲ್ಲಿ ಎಲ್ಲವೂ ಸೇರಿರುವುದರಿಂದ ಬೇರೆ ಲೆಕ್ಕ ಬೇಡ.

ಬಿಪಿ ಇದೆಯೆಂದು ‘ಲೋ ಸೋಡಿಯಂ’ ಉಪ್ಪು ಕೊಳ್ಳುವವರು ಪಟ್ಟಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇದೆಯೇ ನೋಡಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಹುದು. ವೈದ್ಯರನ್ನು ಕೇಳದೆ ಬದಲಿಸಬೇಡಿ.

ಮುಂಭಾಗದ ಮಾತುಗಳಿಗೆ ಎಷ್ಟು ಬೆಲೆ?

ಕೆಲವು ಮಾತುಗಳಿಗೆ 2018ರ ನಿಯಮದಲ್ಲಿ ಅಂಕಿ ನಿಗದಿಯಾಗಿದೆ. ‘ಶುಗರ್ ಫ್ರೀ’ ಎಂದರೆ ನೂರು ಗ್ರಾಂಗೆ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. ‘ಲೋ ಫ್ಯಾಟ್’ ಎಂದರೆ 3 ಗ್ರಾಂ ಒಳಗೆ ಕೊಬ್ಬು. ‘ಸೋರ್ಸ್ ಆಫ್ ಫೈಬರ್’ ಎಂದರೆ ನೂರು ಗ್ರಾಂಗೆ ಕನಿಷ್ಠ 3 ಗ್ರಾಂ ನಾರು, ‘ಹೈ ಫೈಬರ್’ ಎಂದರೆ 6. ‘ಟ್ರಾನ್ಸ್ ಫ್ಯಾಟ್ ಫ್ರೀ’ ಎಂದರೆ 0.2 ಗ್ರಾಂಗಿಂತ ಕಡಿಮೆ. ಇವು ಸುಳ್ಳಲ್ಲ, ಅರ್ಧ ಕಥೆ. ಲೋ ಫ್ಯಾಟ್ ಮೊಸರಿನಲ್ಲಿ ಸಕ್ಕರೆ ತುಂಬಿರಬಹುದು. ‘ಕೊಲೆಸ್ಟರಾಲ್ ಫ್ರೀ’ ಎಂದು ಕಡಲೆಕಾಯಿ ಎಣ್ಣೆಯ ಮೇಲೆ ಬರೆಯುವುದು, ನಮ್ಮ ತೆಂಗಿನಮರದಲ್ಲಿ ಮೂಳೆಯಿಲ್ಲ ಎಂದಂತೆ. ಸಸ್ಯದೆಣ್ಣೆಯಲ್ಲಿ ಕೊಲೆಸ್ಟರಾಲ್ ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ.

ಸಕ್ಕರೆ ಕಾಯಿಲೆಯವರು ಹೆಚ್ಚು ಏಮಾರುವುದು ಶುಗರ್ ಫ್ರೀ ಬಿಸ್ಕತ್ತಿನಲ್ಲಿ. ಸಕ್ಕರೆ ಸೊನ್ನೆ, ಆದರೆ ಮೈದಾ ಮತ್ತು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಇರುತ್ತವೆ, ಎರಡೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತವೆ. ಇವರು ಸಕ್ಕರೆಯ ಸಾಲಿಗೆ ನಿಲ್ಲದೆ ಒಟ್ಟು ಕಾರ್ಬೋಹೈಡ್ರೇಟ್ ಸಾಲನ್ನು ನೋಡಬೇಕು. ಸಿಹಿಗೆ ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿದ್ದರೆ ಜಾಸ್ತಿ ತಿಂದವರಿಗೆ ಹೊಟ್ಟೆ ಕೆಡಬಹುದು.

ಬೇಧಿಯಾದಾಗ ಕೊಳ್ಳುವ ಓಆರ್‌ಎಸ್ ಬಗ್ಗೆಯೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನೊಳಗೆ ಸೇರಿಸಿಕೊಂಡ ಸಿಹಿ ಪಾನೀಯಗಳು ಬಹಳ ದಿನ ಮಾರಾಟವಾದವು; 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಪೊಟ್ಟಣದ ಮೇಲೆ ಲೀಟರ್ ಲೆಕ್ಕಕ್ಕೆ ಈ ನಾಲ್ಕು ಅಂಕಿ ಕಂಡರೆ ಮಾತ್ರ ಮಗುವಿಗೆ ಕಲಸಿಕೊಡಿ.

ಗುರುತುಗಳು, ಅಂಕಿಗಳು, ದಿನಾಂಕ

ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ, ಮೊಟ್ಟೆ ಹಾಕಿದ ಕೇಕೂ ಇದರಲ್ಲೇ ಬರುತ್ತದೆ. ಈ ಗುರುತು ಹೇಳುವುದು ಆಹಾರದ ಮೂಲವನ್ನು, ಆರೋಗ್ಯವನ್ನಲ್ಲ. ಹಸಿರು ಚುಕ್ಕೆ ನೋಡಿ ಒಳ್ಳೆಯದು ಎಂದುಕೊಳ್ಳುವವರು ಇನ್ನೂ ಇದ್ದಾರೆ.

ಅಂಕಿಗಳನ್ನು ಕಂಡು ಗಾಬರಿ ಬೇಡ. 330 ಎಂದರೆ ನಿಂಬೆಯಲ್ಲೂ ಇರುವ ಸಿಟ್ರಿಕ್ ಆಮ್ಲ, 500 ಅಡುಗೆ ಸೋಡಾ, 322 ಸೋಯಾದಿಂದ ತೆಗೆಯುವ ಲೆಸಿಥಿನ್. 102 ಮತ್ತು 110 ಕೃತಕ ಬಣ್ಣಗಳು, 211 ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್, 951 ಮತ್ತು 955 ಕೃತಕ ಸಿಹಿ. ‘ಈ ಅಂಕಿ ಇದ್ದರೆ ಹಂದಿ ಕೊಬ್ಬು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪಟ್ಟಿಯನ್ನು ನಂಬಬೇಡಿ. ಹಾಲು, ಜೇನುತುಪ್ಪದಂಥವನ್ನು ಬಿಟ್ಟು ಪ್ರಾಣಿಮೂಲದ್ದು ಏನು ಬಳಸಿದರೂ ಹಸಿರು ಗುರುತು ಹಾಕುವಂತಿಲ್ಲ.

ಅಲರ್ಜಿ ಇರುವವರು ಪಟ್ಟಿಯ ಕೆಳಗಿನ ‘ಕಂಟೇನ್ಸ್’ ಸಾಲನ್ನು ಪ್ರತಿ ಸಲ ಓದಲೇಬೇಕು, ಕೊಂಡು ರೂಢಿಯಾದ ಬ್ರ್ಯಾಂಡ್ ಆದರೂ, ಏಕೆಂದರೆ ತಯಾರಿಕೆ ಬದಲಾಗುತ್ತಿರುತ್ತದೆ. ಗೋಧಿಯಂಥ ಗ್ಲುಟನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜ, ಸೋಯಾ, ಸಲ್ಫೈಟ್ ಇವನ್ನು ಅಲ್ಲಿ ಹೇಳಬೇಕು. ‘ಮೇ ಕಂಟೇನ್’ ಎಂದಿದ್ದರೆ ಅದೇ ಯಂತ್ರದಲ್ಲಿ ಬೇರೆ ತಿಂಡಿಯೂ ತಯಾರಾಗುತ್ತದೆ ಎಂದು ತಿಳಿಯಿರಿ.

ದಿನಾಂಕ ಬಹಳ ಸಲ ಪ್ಯಾಕೆಟ್‌ನ ಮಡಿಕೆಯಲ್ಲಿ, ಅಂಟಿಸಿದ ತುದಿಯಲ್ಲಿ ಚುಕ್ಕೆ ಚುಕ್ಕೆ ಶಾಯಿಯಲ್ಲಿರುತ್ತದೆ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಕಳೆದದ್ದನ್ನು ತಿನ್ನಬಾರದು. ‘ಬೆಸ್ಟ್ ಬಿಫೋರ್’ ರುಚಿ, ಗರಿಗರಿತನದ ಮಾತು. ಎರಡೂ ಲೆಕ್ಕ ತೆರೆಯದ ಪ್ಯಾಕೆಟ್‌ಗೆ. ತೆರೆದ ಮೇಲೆ ಎಷ್ಟು ದಿನ, ಎಲ್ಲಿಡಬೇಕು ಎಂಬುದು ಬೇರೆ ಸಾಲಿನಲ್ಲಿರುತ್ತದೆ, ಅದನ್ನು ಓದದೆ ಸಾಸ್ ಬಾಟಲಿಯನ್ನು ತಿಂಗಳುಗಟ್ಟಲೆ ಹೊರಗಿಡುತ್ತೇವೆ.

ವಿದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಯುರೋಪಿನ ಲೇಬಲ್ಲಿನಲ್ಲಿ ಸೋಡಿಯಂ ಬದಲು ನೇರ ಉಪ್ಪನ್ನೇ ಬರೆಯುತ್ತಾರೆ, ಗುಣಿಸುವುದು ಬೇಡ. ಅಮೆರಿಕದಲ್ಲಿ ಲೆಕ್ಕ ಸರ್ವ್‌ನದ್ದು, ಒಂದು ಸರ್ವ್‌ನಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಟ್ರಾನ್ಸ್ ಕೊಬ್ಬಿದ್ದರೆ ಸೊನ್ನೆ ಎಂದು ಬರೆಯಬಹುದು. ಹಾಗಾಗಿ ಮೊದಲು ಸರ್ವ್ ಎಷ್ಟು ಗ್ರಾಂ ಎಂದು ನೋಡಿ.

ಇನ್ನು ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು, ಕೋಡುಬಳೆ, ಬೇಕರಿಯ ರಸ್ಕ್. ಅಲ್ಲೇ ತೂಗಿ ಕಟ್ಟಿಕೊಡುವುದಕ್ಕೆ ಓದಲು ಏನೂ ಇರುವುದಿಲ್ಲ. ಕೇಳಬೇಕಾದದ್ದು ಮೂರು: ಯಾವ ಎಣ್ಣೆ, ಯಾವತ್ತು ಕರಿದದ್ದು, ಮೈದಾ ಎಷ್ಟು. ಮೊದಲೇ ಪ್ಯಾಕ್ ಮಾಡಿ ಜೋಡಿಸಿಟ್ಟದ್ದಾದರೆ ತಯಾರಕರ ವಿಳಾಸ, ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಐದು ರೂಪಾಯಿಯ ಪುಟ್ಟ ಪೊಟ್ಟಣಕ್ಕೆ ಜಾಗ ಸಾಲದೆಂದು ಕೆಲವು ವಿನಾಯಿತಿ ಇದೆ, ಅವುಗಳನ್ನು ತುಂಬಿ ತಂದ ದೊಡ್ಡ ಡಬ್ಬದ ಮೇಲೆ ವಿವರ ಸಿಗುತ್ತದೆ. ದಿನಾಂಕ ಅಳಿಸಿ ಮೇಲೆ ಸ್ಟಿಕ್ಕರ್ ಹಚ್ಚಿದ್ದು ಕಂಡರೆ ಪ್ಯಾಕೆಟ್, ಬಿಲ್ ಎರಡನ್ನೂ ಎಸೆಯದೆ ಫೋಟೊ ತೆಗೆದಿಟ್ಟುಕೊಳ್ಳಿ. ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಹಾಕಬಹುದು, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.